ಗಾಳಿ ಕಣಿವೆಯ ನೌಶಿಕಾ: ಜಪಾನಿನ ಒಂದು ಅನಿಮೇಷನ್ ಚಿತ್ರದ ಗುಣದೋಷ ವಿವೇಚನೆ

ಅನಿಮೇಷನ್ ಚಿತ್ರವೆಂದರೆ ಮಕ್ಕಳ ಬೇಸಿಗೆ ರಜೆಯ ಕಾಲಕ್ಷೇಪವೆಂಬ ಭಾವನೆ ನಮ್ಮ ಮನೆಗಳಲ್ಲಿ ಇಂದಿಗೂ ಬಲವಾಗಿದೆ. ಜಪಾನಿನಲ್ಲಿ ಈ ಕಲೆ ತುಳಿದ ಹಾದಿ ಬೇರೆ. ಯುದ್ಧ, ಹಸಿವು, ಮುಪ್ಪು, ಮರಣ ಮೊದಲಾದ ಗಂಭೀರ ವಸ್ತುಗಳನ್ನೂ ರೇಖೆ ಬಣ್ಣಗಳಲ್ಲಿಯೇ ನಿರ್ವಹಿಸುವ ಪರಂಪರೆ ಅಲ್ಲಿ ಬೆಳೆದುಬಂದಿದೆ. ಆ ಪರಂಪರೆಯಲ್ಲಿ ಮತ್ತೆ ಮತ್ತೆ ಹೆಸರಿಸಲ್ಪಡುವ ಕೃತಿ ‘ಕಾಜೆ ನೊ ತಾನಿ ನೊ ನೌಶಿಕಾ’. ಕನ್ನಡದಲ್ಲಿ ‘ಗಾಳಿ ಕಣಿವೆಯ ನೌಶಿಕಾ’ ಎನ್ನಬಹುದು. 1984ರ ಮಾರ್ಚ್ 11ರಂದು ಜಪಾನಿನಲ್ಲಿ ತೆರೆಕಂಡ ಈ 117 ನಿಮಿಷಗಳ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂದಿತು. ಮನೆಯ ಎಳೆಯರು ಬಹಳಷ್ಟು ಮಂದಿ ಇದನ್ನು ಬಲ್ಲರು; ಹಿರಿಯರಿಗಾಗಿ ಈ ಪರಿಚಯವನ್ನು ಸಿದ್ಧಪಡಿಸಿದ್ದೇವೆ. ಗುಣದೋಷಗಳನ್ನು ತೂಗುವಾಗ ಕಥೆಯ ಅಂತ್ಯವನ್ನು ಮುಚ್ಚಿಡಲು ಸಾಧ್ಯವಿಲ್ಲವಾದುದರಿಂದ, ಮೊದಲು ಚಿತ್ರವನ್ನು ನೋಡಬಯಸುವವರು ಇಲ್ಲಿಗೇ ನಿಲ್ಲಿಸಿ ಆಮೇಲೆ ಮುಂದುವರಿಯುವುದು ಒಳಿತು.

ನಿರ್ದೇಶಕರು ಹಯಾವೊ ಮಿಯಾಝಾಕಿ. 1941ರಲ್ಲಿ ಟೋಕಿಯೋದಲ್ಲಿ ಜನಿಸಿದ ಅವರು 1979ರಲ್ಲಿ ‘ಕಾಲಿಯೋಸ್ಟ್ರೋ ಕೋಟೆ’ ಎಂಬ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರವನ್ನು ನೀಡಿದ್ದರು. ಆದರೆ ಅನಂತರ ಅವರು ಮುಂದಿಟ್ಟ ಕಥೆಗಳಿಗೆ ಹಣ ಹೂಡುವವರಿರಲಿಲ್ಲ. ಮುದ್ರಿತ ಮೂಲಕಥೆಯೊಂದು ಇಲ್ಲದ ಚಿತ್ರ ಓಡದು ಎಂಬುದು ಆಗಿನ ಉದ್ಯಮದ ನಂಬಿಕೆ. ಹೀಗಾಗಿ ಟೊಕುಮಾ ಶೋತೆನ್ ಪ್ರಕಾಶನದ ‘ಅನಿಮೇಜ್’ ಮಾಸಪತ್ರಿಕೆಯಲ್ಲಿ 1982ರ ಫೆಬ್ರವರಿ ಸಂಚಿಕೆಯಿಂದ ನೌಶಿಕಾಳ ಕಥೆಯನ್ನು ಮಾಂಗಾ ರೂಪದಲ್ಲಿ, ಅಂದರೆ ಚಿತ್ರಕಥೆಯ ಧಾರಾವಾಹಿಯಾಗಿ, ಅವರೇ ಬರೆಯತೊಡಗಿದರು. ಓದುಗರು ಅದನ್ನು ಮೆಚ್ಚಿದ ಬಳಿಕವೇ ಸಿನಿಮಾದ ಮಾತು ಬಂದದ್ದು. ಟೊಕುಮಾ ಶೋತೆನ್ ಮತ್ತು ಹಾಕುಹೋದೊ ಜಾಹೀರಾತು ಸಂಸ್ಥೆ ಹಣ ಒದಗಿಸಿದವು. ಟಾಪ್‌ಕ್ರಾಫ್ಟ್ ಎಂಬ ಸಂಸ್ಥೆಯಲ್ಲಿ ಚಿತ್ರ ಸಿದ್ಧವಾಯಿತು. ಮಿಯಾಝಾಕಿಯವರ ಹಿರಿಯ ಸಹೋದ್ಯೋಗಿ ಇಸಾವೊ ತಕಾಹಾತ ನಿರ್ಮಾಪಕರಾದರು. ಮರುವರ್ಷ, 1985ರಲ್ಲಿ, ಇದೇ ಬಳಗ ಸ್ಟುಡಿಯೋ ಜಿಬ್ಲಿಯನ್ನು ಸ್ಥಾಪಿಸಿತು. ಆದ್ದರಿಂದ ನೌಶಿಕಾ ಚಿತ್ರವನ್ನು ಜಿಬ್ಲಿಯ ಮೊದಲ ಕೃತಿಯೆಂದು ವಾಡಿಕೆಯಲ್ಲಿ ಹೇಳಿದರೂ ಅದು ಜಿಬ್ಲಿಗಿಂತ ಹಿಂದಿನದು.

ಕಥೆ ನಡೆಯುವುದು ಮಹಾಪ್ರಳಯವೊಂದರ ಸಾವಿರ ವರ್ಷಗಳ ಅನಂತರ. ‘ಅಗ್ನಿಯ ಏಳು ದಿನಗಳು’ ಎಂದು ಜನರ ನೆನಪಿನಲ್ಲಿ ಉಳಿದಿರುವ ಆ ಯುದ್ಧದಲ್ಲಿ, ಮನುಷ್ಯನೇ ನಿರ್ಮಿಸಿದ ದೈತ್ಯಯೋಧರು ಕೈಗಾರಿಕಾ ನಾಗರಿಕತೆಯನ್ನು ಸುಟ್ಟು ಬೂದಿಮಾಡಿದ್ದಾರೆ. ಅಳಿದುಳಿದ ನೆಲವನ್ನು ‘ಫುಕಾಯ್’, ಅಂದರೆ ಕೊಳೆಯುವ ಕಡಲು, ಎಂಬ ಕಾಡು ಆವರಿಸುತ್ತಿದೆ. ಮರಗಳ ಬದಲಿಗೆ ಬೃಹತ್ ಶಿಲೀಂಧ್ರಗಳು. ಅವು ಹೊರಸೂಸುವ ಗಾಳಿ ವಿಷ. ಮುಖಗವಸಿಲ್ಲದೆ ಒಳಹೊಕ್ಕವರು ಕೆಲವೇ ನಿಮಿಷಗಳಲ್ಲಿ ಸಾಯುತ್ತಾರೆ. ಈ ಕಾಡಿನ ಕಾವಲಿಗೆ ಗುಡ್ಡದಂತಹ ಓಮು ಎಂಬ ಕೀಟಗಳಿವೆ. ಸಮುದ್ರದಿಂದ ಸದಾ ಬೀಸುವ ಗಾಳಿಯ ಕೃಪೆಯಿಂದ ಬದುಕುಳಿದ ಒಂದು ಪುಟ್ಟ ಕಣಿವೆಯ ರಾಜಕುಮಾರಿ ನೌಶಿಕಾ. ಪೆಜಿತೆ ನಗರದ ನೆಲದಡಿ ದೊರೆತ ದೈತ್ಯಯೋಧನ ಭ್ರೂಣವನ್ನು ತೊರುಮೆಕಿಯಾ ಸಾಮ್ರಾಜ್ಯ ಕಸಿದುಕೊಂಡು ಹೊರಟಾಗ, ಆ ವಿಮಾನ ಕಣಿವೆಯಲ್ಲಿ ಉರುಳಿಬೀಳುತ್ತದೆ. ಹಿಂದೆಯೇ ಸೈನ್ಯ ಬರುತ್ತದೆ. ಯಾರೊಡನೆಯೂ ಜಗಳವಿಲ್ಲದ ಊರೊಂದು ಇಬ್ಬರು ಬಲಿಷ್ಠರ ನಡುವೆ ಸಿಕ್ಕಿಬೀಳುವುದೇ ಕಥೆಯ ಬೀಜ.

ಈ ಕಲ್ಪನೆಗೆ ನೈಜವಾದ ಒಂದು ಬೇರು ಇದೆ. ಜಪಾನಿನ ಕುಮಾಮೊತೊ ಪ್ರಾಂತದ ಮಿನಾಮಾತಾ ಕೊಲ್ಲಿಗೆ ರಾಸಾಯನಿಕ ಕಾರ್ಖಾನೆಯೊಂದು ವರ್ಷಗಟ್ಟಲೆ ಪಾದರಸ ಬೆರೆತ ತ್ಯಾಜ್ಯವನ್ನು ಹರಿಸಿತು. ಮೀನು ತಿಂದವರ ನರಮಂಡಲವೇ ಕುಸಿಯಿತು. 1956ರಲ್ಲಿ ಆ ರೋಗವನ್ನು ಅಧಿಕೃತವಾಗಿ ಗುರುತಿಸಲಾಯಿತು. ಮೀನುಗಾರಿಕೆ ನಿಂತುಹೋದ ಆ ನೀರಿನಲ್ಲಿ ಮೀನುಗಳ ಹಿಂಡು ಮತ್ತೆ ಹೆಚ್ಚಿತೆಂಬ ಸುದ್ದಿ ತಮ್ಮನ್ನು ಬಹಳವಾಗಿ ಕಾಡಿತೆಂದು ಮಿಯಾಝಾಕಿಯವರು ಹೇಳಿಕೊಂಡಿದ್ದಾರೆ. ಮನುಷ್ಯನು ಸುರಿದ ವಿಷವನ್ನು ಮನುಷ್ಯೇತರ ಜೀವಿಗಳು ಹೊತ್ತುಕೊಂಡು ಬಾಳುತ್ತವೆ ಎಂಬ ಆ ವಿಚಾರವೇ ಫುಕಾಯ್ ಕಾಡಾಗಿ ಬೆಳೆದಿದೆ. ನಾಯಕಿಗೆ ಇಬ್ಬರು ಪೂರ್ವಜರಿದ್ದಾರೆ. ಒಬ್ಬಳು ಹೋಮರನ ‘ಒಡಿಸ್ಸಿ’ಯಲ್ಲಿ ಹಡಗೊಡೆದು ದಡಸೇರಿದ ಒಡಿಸ್ಯೂಸನಿಗೆ ಆಸರೆಯಿತ್ತ ರಾಜಕುಮಾರಿ, ಹೆಸರು ಬಂದದ್ದು ಅವಳಿಂದ. ಇನ್ನೊಬ್ಬಳು ಹೇಆನ್ ಯುಗದ ಜಪಾನಿ ಕಥೆಯೊಂದರ, ಹುಬ್ಬು ತೀಡದೆ ಕಂಬಳಿಹುಳುಗಳನ್ನು ಸಾಕಿಕೊಂಡು ನೆರೆಹೊರೆಯವರ ನಗೆಗೆ ಗುರಿಯಾದ ಕುಲೀನ ಕನ್ಯೆ. ಸ್ವಭಾವ ಬಂದದ್ದು ಇವಳಿಂದ.

ಚಿತ್ರದ ಮೊದಲ ಗುಣವೆಂದರೆ ಈ ಲೋಕದ ಸಾವಧಾನವಾದ ಕಟ್ಟಡ. ಆರಂಭದಲ್ಲಿಯೇ ನೌಶಿಕಾ ಕಾಡಿನೊಳಗೆ ಓಮು ಕಳಚಿಹೋದ ಪೊರೆಯೊಂದನ್ನು ಕಾಣುತ್ತಾಳೆ. ಅದರ ಗಾಜಿನಂತಹ ಕಣ್ಣಿನ ಪರೆಯನ್ನು ಬಿಡಿಸಿಕೊಂಡು ತಲೆಯ ಮೇಲೆ ಕೊಡೆಯಂತೆ ಹಿಡಿದು ಮಲಗುತ್ತಾಳೆ. ಮೇಲಿನಿಂದ ಬೀಜಕಣಗಳು ಹಿಮದಂತೆ ಉದುರುತ್ತವೆ. ಮುಖಗವಸು ತೆಗೆದರೆ ಸಾವು ನಿಶ್ಚಿತ, ಆದರೂ ದೃಶ್ಯ ಮನೋಹರ. ವಿಷವನ್ನು ಸುಂದರವಾಗಿ ತೋರಿಸುವ ಈ ಧೈರ್ಯ ಇಡೀ ಚಿತ್ರದ ನಿಲುವನ್ನು ಹೇಳಿಬಿಡುತ್ತದೆ: ಹೆದರಿಸುವುದೆಲ್ಲವೂ ಶತ್ರುವಲ್ಲ. 2020ರ ದಿನಗಳಲ್ಲಿ ಮುಖಗವಸು ಕಟ್ಟಿಕೊಂಡು ತಿರುಗಿದ ನಮಗೆಲ್ಲ ಕಣಿವೆಯ ಜನರ ದಿನಚರಿ ಅಷ್ಟೇನೂ ಅಪರಿಚಿತವೆನಿಸದು.

ಓಮುಗಳ ಚಲನೆಯನ್ನು ಸಾಧಿಸಿದ ಬಗೆಯೂ ಉಲ್ಲೇಖನೀಯ. ಅವುಗಳ ಮೈಯ ಒಂದೊಂದು ಖಂಡವನ್ನೂ ಪ್ರತ್ಯೇಕವಾಗಿ ಚಿತ್ರಿಸಿ, ಕತ್ತರಿಸಿ, ರಬ್ಬರಿನಿಂದ ಜೋಡಿಸಿ, ಒಂದರ ಕೆಳಗೊಂದು ಜಾರುವಂತೆ ಎಳೆದು ಚಿತ್ರೀಕರಿಸಿದರು. ಗಣಕಯಂತ್ರದ ನೆರವಿಲ್ಲದ ಕಾಲದ ಈ ಕೈಗೆಲಸದಿಂದಾಗಿ ಓಮುವಿಗೆ ನಿಜವಾದ ತೂಕ ಬಂದಿದೆ. ಇದಕ್ಕೆ ಪ್ರತಿಯಾಗಿ ನೌಶಿಕಾಳ ‘ಮೇವೆ’ ಎಂಬ ಬಿಳಿಯ ಹಾರುಯಂತ್ರ ಗಾಳಿಯ ಮೇಲೆ ಹಗುರವಾಗಿ ತೇಲುತ್ತದೆ. ಹಾರಾಟವನ್ನು ಚಿತ್ರಿಸುವುದರಲ್ಲಿ ಮಿಯಾಝಾಕಿಯವರಿಗೆ ಸಾಟಿಯಾದವರು ವಿರಳವೆಂಬುದು ನಮ್ಮ ಅಭಿಪ್ರಾಯ, ಮತ್ತು ಅದು ಮೊದಲು ಸ್ಪಷ್ಟವಾದದ್ದು ಇಲ್ಲಿ. ಅರೆಬೆಂದ ದೈತ್ಯಯೋಧನು ಅಕಾಲದಲ್ಲಿ ಎಬ್ಬಿಸಲ್ಪಟ್ಟು, ಬೆಂಕಿ ಉಗುಳುತ್ತಲೇ ಕರಗಿ ಬೀಳುವ ಭೀಕರ ದೃಶ್ಯವನ್ನು ರಚಿಸಿದವರು ಆಗ ಇಪ್ಪತ್ತರ ಹರೆಯದಲ್ಲಿದ್ದ ಹಿದೆಯಾಕಿ ಆನ್ನೊ. ಅವರೇ 1995ರಲ್ಲಿ ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಧಾರಾವಾಹಿಯನ್ನು ನಿರ್ದೇಶಿಸಿ ಪ್ರಸಿದ್ಧರಾದರು.

ಎರಡನೆಯ ಗುಣ, ಮತ್ತು ನಮ್ಮ ದೃಷ್ಟಿಯಲ್ಲಿ ದೊಡ್ಡದು, ಹಿಂಸೆಯ ಬಗೆಗಿನ ಪ್ರಾಮಾಣಿಕತೆ. ಹಾಸಿಗೆ ಹಿಡಿದ ತಂದೆಯನ್ನು ಸೈನಿಕರು ಕೊಂದುದನ್ನು ಕಂಡಾಗ ನೌಶಿಕಾ ಕೋಪದಿಂದ ಅವರನ್ನು ಹೊಡೆದುರುಳಿಸುತ್ತಾಳೆ. ವೃದ್ಧ ಗುರು ಯುಪಾ ನಡುವೆ ಬಂದು ಅವಳ ಕತ್ತಿಯನ್ನು ತನ್ನ ತೋಳಿನ ಮೇಲೆಯೇ ತೆಗೆದುಕೊಳ್ಳುತ್ತಾನೆ. ಕತ್ತಿಯುದ್ದಕ್ಕೂ ರಕ್ತ ಇಳಿಯುತ್ತದೆ. ತನ್ನೊಳಗಿನ ಕೋಪವೇ ತನಗೆ ಭಯ ಹುಟ್ಟಿಸಿತೆಂದು ಅವಳು ಆಮೇಲೆ ಒಪ್ಪಿಕೊಳ್ಳುತ್ತಾಳೆ. ಅಹಿಂಸೆ ಇಲ್ಲಿ ಉಪದೇಶವಲ್ಲ, ಕೈ ರಕ್ತವಾದ ಮೇಲೆ ಕಲಿತ ಪಾಠ.

ಇನ್ನೊಂದು ದೃಶ್ಯವನ್ನು ವಿಶೇಷವಾಗಿ ಹೆಸರಿಸಬೇಕು. ಸೆರೆಸಿಕ್ಕ ಕಣಿವೆಯ ಮುದುಕರು ತೊರುಮೆಕಿಯಾದ ಸೇನಾಧಿಪತಿ ಕುಶಾನಾಳ ಎದುರಿಗೆ ಕುಳಿತಿದ್ದಾರೆ. ಕಾಡಿನ ವಿಷದಿಂದ ತಮ್ಮ ಕೈಗಳು ಬೇಗನೆ ಕಲ್ಲಾಗಲಿವೆ ಎಂದು ಒಬ್ಬನು ತೋರಿಸುತ್ತಾನೆ. ಆದರೆ ಅವು ದುಡಿಯುವವರ ಚೆಂದದ ಕೈಗಳೆಂದು ನಮ್ಮ ರಾಜಕುಮಾರಿ ಮೆಚ್ಚುತ್ತಾಳೆ ಎನ್ನುತ್ತಾನೆ. ಬೆಂಕಿ ಕಾಡನ್ನು ಒಂದೇ ದಿನದಲ್ಲಿ ಬೂದಿಮಾಡುತ್ತದೆ, ಗಾಳಿ ನೀರುಗಳು ಅದನ್ನು ಬೆಳೆಸಲು ನೂರು ವರ್ಷ ಬೇಕು ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಹೊಲ ತೋಟಗಳನ್ನು ಬಲ್ಲ ನಮ್ಮ ಹಿರಿಯರಿಗೆ ಈ ಮಾತಿಗೆ ಟೀಕೆ ಬೇಕಾಗಲಾರದು. ಗಮನಿಸಬೇಕಾದುದೆಂದರೆ ಕುಶಾನಾ ಆ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಕೀಟಗಳಿಗೆ ಕೈಯನ್ನೇ ಕಳೆದುಕೊಂಡು ಲೋಹದ ಕೈ ತೊಟ್ಟ ಅವಳು ಕಾಡನ್ನು ಸುಡಬಯಸುವುದಕ್ಕೆ ಕಾರಣವಿದೆ. ಖಳರಿಲ್ಲದ ಯುದ್ಧಕಥೆ ಅಪರೂಪ; ಇದು ಹೆಚ್ಚುಕಡಿಮೆ ಅಂತಹದು. ದೌರ್ಜನ್ಯಕ್ಕೊಳಗಾದ ಪೆಜಿತೆಯವರೂ ಸೇಡಿಗಾಗಿ ಓಮುವಿನ ಮರಿಯನ್ನು ಮೊಳೆಗಳಿಂದ ಚುಚ್ಚಿ ನೇತುಹಾಕಿ, ಕೀಟಗಳ ಹಿಂಡನ್ನು ಕಣಿವೆಯ ಮೇಲೆ ಹಾಯಿಸಲು ಹಿಂಜರಿಯುವುದಿಲ್ಲ.

ಸಂಗೀತ ಜೋ ಹಿಸೈಶಿಯವರದು. ಆಗ ಅಷ್ಟಾಗಿ ಹೆಸರಿಲ್ಲದಿದ್ದ ಅವರು ಅಂದಿನಿಂದ 2023ರವರೆಗೆ ಮಿಯಾಝಾಕಿಯವರ ಎಲ್ಲ ಪೂರ್ಣಪ್ರಮಾಣದ ಚಿತ್ರಗಳಿಗೂ ಸಂಗೀತ ನೀಡಿದ್ದಾರೆ. ಬಾಲ್ಯದ ನೆನಪಿನ ದೃಶ್ಯದಲ್ಲಿ ಕೇಳುವ ಪದಗಳಿಲ್ಲದ ಎಳೆಯ ದನಿ ಅವರ ನಾಲ್ಕು ವರ್ಷದ ಮಗಳದು. ಆದರೆ ಎಲ್ಲೆಡೆ ಇದೇ ಮಾತು ಹೇಳಲಾಗದು. ಕೆಲವು ಯುದ್ಧದೃಶ್ಯಗಳಲ್ಲಿನ ವಿದ್ಯುನ್ಮಾನ ವಾದ್ಯಗಳ ಸದ್ದು ಎಂಬತ್ತರ ದಶಕಕ್ಕೆ ಅಂಟಿಕೊಂಡು ನಿಂತಿದೆ, ಕಿವಿಗೆ ಹಳತಾಗಿ ತಟ್ಟುತ್ತದೆ.

ದೋಷಗಳ ವಿಚಾರಕ್ಕೆ ಇಲ್ಲಿಂದಲೇ ಬರಬಹುದು. ಸಣ್ಣವು ಹಲವಿವೆ. ಮೊದಲ ಅರ್ಧ ಗಂಟೆಯಲ್ಲಿ ರಾಜ್ಯ, ಜೀವಿ, ವ್ಯಕ್ತಿಗಳ ಹೆಸರುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ನೋಡುಗರಿಗೆ ತಿಳಿಯಲೆಂದು ನೌಶಿಕಾ ಒಂಟಿಯಾಗಿರುವಾಗಲೂ ತನ್ನ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಪೆಜಿತೆಯ ರಾಜಕುಮಾರ ಆಸ್ಬೆಲ್ ಕಥೆಗೆ ಬೇಕಾದಾಗ ಬಂದು ಹೋಗುವ ಪಾತ್ರವಾಗಿಯೇ ಉಳಿಯುತ್ತಾನೆ. ಇವುಗಳನ್ನು ಮನ್ನಿಸಬಹುದು.

ಹೆಚ್ಚು ಗಂಭೀರವಾದುದು ನಾಯಕಿಯ ಪರಿಪೂರ್ಣತೆ. ತಂದೆಯ ಮರಣದ ಆ ಒಂದು ಗಳಿಗೆಯನ್ನು ಬಿಟ್ಟರೆ ನೌಶಿಕಾ ತಪ್ಪುವುದಿಲ್ಲ. ಕಚ್ಚಿದ ಪ್ರಾಣಿ ಅವಳ ಬೆರಳನ್ನು ನೆಕ್ಕುತ್ತದೆ, ಕೆರಳಿದ ಓಮು ಅವಳ ಮಾತಿಗೆ ಶಾಂತವಾಗುತ್ತದೆ, ಶತ್ರುವೂ ಅವಳೆದುರು ಮೆತ್ತಗಾಗುತ್ತಾನೆ. ಆಳಿಗೆ ಮನಸೋಲುವ ಬದಲು ಅರಸಿಗೆ ಪೂಜೆ ಸಲ್ಲಿಸುವ ದೂರ ನಮಗೂ ಅವಳಿಗೂ ನಡುವೆ ಏರ್ಪಡುತ್ತದೆ. ಪುರಾಣಗಳ ಅಭ್ಯಾಸವಿರುವ ಭಾರತೀಯ ನೋಡುಗರಿಗೆ ಇದು ಅಷ್ಟಾಗಿ ಬಾಧಿಸದಿರಬಹುದು, ಆದರೆ ಚಿತ್ರ ಪುರಾಣವಾಗಬಯಸುತ್ತದೆಯೋ ಸಮಾಜವಿಮರ್ಶೆಯೋ ಎಂಬ ಅನುಮಾನ ಉಳಿಯುತ್ತದೆ.

ಆ ಅನುಮಾನ ಅಂತ್ಯದಲ್ಲಿ ಹಿಗ್ಗುತ್ತದೆ. ನುಗ್ಗಿಬರುವ ಓಮು ಹಿಂಡಿನ ಮುಂದೆ ಮರಿಯೊಡನೆ ನಿಂತ ನೌಶಿಕಾ ಸಾಯುತ್ತಾಳೆ. ಓಮುಗಳು ತಮ್ಮ ಹೊಂಬಣ್ಣದ ಎಳೆಗಳಿಂದ ಅವಳನ್ನು ಮೇಲೆತ್ತಿ ಬದುಕಿಸುತ್ತವೆ. ನೀಲಿ ಉಡುಪು ತೊಟ್ಟವನು ಬಂಗಾರದ ಬಯಲಿಗೆ ಇಳಿದು ಬರುವನೆಂಬ ಹಳೆಯ ಭವಿಷ್ಯವಾಣಿ ಹೀಗೆ ನಿಜವಾಗುತ್ತದೆ. ನೋಡುವ ಕ್ಷಣದಲ್ಲಿ ಕಣ್ಣು ಒದ್ದೆಯಾಗುವುದು ಸುಳ್ಳಲ್ಲ. ಆದರೆ ಅಧಿಕಾರ, ಭಯ, ಬರಡು ನೆಲ, ಹಸಿದ ರಾಜ್ಯಗಳು ಎಂದು ಎತ್ತಿದ್ದ ಪ್ರಶ್ನೆಗಳಿಗೆ ಪವಾಡವನ್ನು ಉತ್ತರವಾಗಿ ಕೊಡುವುದು ಜಾರಿಕೊಳ್ಳುವುದೇ ಸರಿ. ಸೈನ್ಯ ಹಿಂದಿರುಗುವುದನ್ನು ಹೆಸರುಗಳು ಬರುವಾಗಿನ ಚಿತ್ರಗಳಲ್ಲಿ ಆತುರವಾಗಿ ತೋರಿಸಿ ಮುಗಿಸಲಾಗಿದೆ. ಮಿಯಾಝಾಕಿಯವರಿಗೂ ಈ ಅಂತ್ಯ ತೃಪ್ತಿ ನೀಡಲಿಲ್ಲ. ತಕಾಹಾತರಂತೂ ನಿರ್ಮಾಪಕನಾಗಿ ಪೂರ್ಣ ಸಂತೋಷ, ಆದರೆ ಗೆಳೆಯನಾಗಿ ನೂರಕ್ಕೆ 30 ಅಂಕ ಎಂದರು. ಸಾವಿರ ವರ್ಷದಾಚೆಯಿಂದ ನಮ್ಮ ಇಂದಿನ ಕಾಲದ ಮೇಲೆ ಬೆಳಕು ಬೀಳಲಿಲ್ಲವೆಂಬುದು ಅವರ ಆಕ್ಷೇಪ. 30 ಎಂಬುದು ಕಠಿಣವಾಯಿತೆಂದು ನಮಗನಿಸಿದರೂ ಆಕ್ಷೇಪದ ದಿಕ್ಕು ತಪ್ಪಿಲ್ಲ.

ಇನ್ನೊಂದು ದೋಷ ವಿಚಾರದಲ್ಲಿಯೇ ಇದೆ. ಕಾಡಿನ ತಳಕ್ಕೆ ಜಾರಿಬಿದ್ದ ನೌಶಿಕಾ ಮತ್ತು ಆಸ್ಬೆಲ್ ಅಲ್ಲಿ ಶುದ್ಧ ಜಲ, ಶುದ್ಧ ಮರಳು, ವಿಷವಿಲ್ಲದ ಗಾಳಿಯನ್ನು ಕಾಣುತ್ತಾರೆ. ಫುಕಾಯ್ ಮರಗಳು ನೆಲದ ವಿಷವನ್ನು ಹೀರಿ ಕಲ್ಲಾಗಿ, ಪುಡಿಯಾಗಿ, ಭೂಮಿಯನ್ನು ಶುಚಿಗೊಳಿಸುತ್ತಿವೆ. ಕಲ್ಪನೆ ಅದ್ಭುತ. ಆದರೆ ಮನುಷ್ಯ ಕೆಡಿಸಿದ್ದನ್ನು ಪ್ರಕೃತಿ ಮನುಷ್ಯನಿಗಾಗಿ ತೊಳೆದುಕೊಡುತ್ತದೆ ಎಂಬ ಸಮಾಧಾನವೂ ಅದರಲ್ಲಿ ಅಡಗಿದೆ. ಮಿನಾಮಾತಾದ ಮೀನುಗಳು ಮನುಷ್ಯನಿಗಾಗಿ ಪಾದರಸ ನುಂಗಲಿಲ್ಲ. ಈ ಕೊರತೆಯನ್ನು ಕಂಡುಕೊಂಡವರೂ ಮಿಯಾಝಾಕಿಯವರೇ. ಚಿತ್ರ ಬಂದಾಗ ಮಾಂಗಾ ಇನ್ನೂ ಆರಂಭದ ಹಂತದಲ್ಲಿತ್ತು. ನಡುನಡುವೆ ನಿಂತು ಅದು ಮುಗಿದದ್ದು 1994ರ ಮಾರ್ಚ್ ಸಂಚಿಕೆಯಲ್ಲಿ, ಏಳು ಸಂಪುಟಗಳಾಗಿ. ಅಲ್ಲಿ ಆ ಕಾಡೂ ಪ್ರಾಚೀನ ಮನುಷ್ಯರ ನಿರ್ಮಿತಿಯೇ; ವಿಷಕ್ಕೆ ಹೊಂದಿಕೊಂಡ ಈಗಿನ ಜನರು ಶುದ್ಧ ಗಾಳಿಯಲ್ಲಿ ಬದುಕಲಾರರು. ನೌಶಿಕಾ ಅಲ್ಲಿ ಸುಳ್ಳು ಹೇಳುತ್ತಾಳೆ, ನಾಶವನ್ನೂ ಮಾಡುತ್ತಾಳೆ. ಚಿತ್ರದ ದೇವತೆ ಮಾಂಗಾದಲ್ಲಿ ಮನುಷ್ಯಳಾಗಿದ್ದಾಳೆ. ಸಾಧ್ಯವಿರುವವರು ಎರಡನ್ನೂ ನೋಡಬೇಕೆಂದು ಕೋರುತ್ತೇವೆ.

ಚಿತ್ರಕ್ಕೆ ಹೊರಗಿನಿಂದ ಬಂದ ಕೇಡೊಂದನ್ನೂ ಹೇಳಬೇಕು. 1985ರಲ್ಲಿ ಅಮೆರಿಕದಲ್ಲಿ ಇದನ್ನು ‘ವಾರಿಯರ್ಸ್ ಆಫ್ ದಿ ವಿಂಡ್’ ಎಂಬ ಹೆಸರಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳನ್ನು ಕತ್ತರಿಸಿ ಬಿಡುಗಡೆ ಮಾಡಲಾಯಿತು. ನೌಶಿಕಾ ಝಾಂಡ್ರಾ ಆದಳು, ಓಮುಗಳು ಬರಿಯ ರಾಕ್ಷಸಗಳಾದವು, ಭಿತ್ತಿಚಿತ್ರದಲ್ಲಿ ಚಿತ್ರದಲ್ಲೇ ಇಲ್ಲದ ಗಂಡಾಳುಗಳು ಮೆರೆದರು. ಇದರಿಂದ ನೊಂದ ಜಿಬ್ಲಿ, ಒಂದು ತುಣುಕನ್ನೂ ಕತ್ತರಿಸದಿದ್ದರೆ ಮಾತ್ರ ಚಿತ್ರ ಕೊಡುವ ನಿಯಮವನ್ನು ಪಾಲಿಸತೊಡಗಿತು. ಮುಂದೆ ‘ಮೊನೊನೊಕೆ ರಾಜಕುಮಾರಿ’ಯನ್ನು ಕತ್ತರಿಸಬಯಸಿದ ಅಮೆರಿಕದ ವಿತರಕರಿಗೆ ಜಿಬ್ಲಿಯ ನಿರ್ಮಾಪಕರು ಖಡ್ಗವನ್ನೇ ಕೊಟ್ಟು ಎಚ್ಚರಿಸಿದರು. ನೌಶಿಕಾ ಪೂರ್ಣರೂಪದಲ್ಲಿ ಇಂಗ್ಲಿಷಿಗೆ ಬಂದದ್ದು 2005ರಲ್ಲಿ. ಅದರಲ್ಲಿ ಯುಪಾನಿಗೆ ಪ್ಯಾಟ್ರಿಕ್ ಸ್ಟೀವರ್ಟ್, ಕುಶಾನಾಳಿಗೆ ಊಮಾ ಥರ್ಮನ್ ದನಿ ನೀಡಿದ್ದಾರೆ.

ಕುಟುಂಬದೊಡನೆ ನೋಡುವವರಿಗೆ ಒಂದೆರಡು ಸೂಚನೆಗಳು. ಚಿತ್ರದ ಅವಧಿ 117 ನಿಮಿಷಗಳೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ರಕ್ತ, ಗಾಯಗೊಂಡ ಮರಿ, ಕರಗುವ ದೈತ್ಯ ಇವೆಲ್ಲ ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಅಳಿಸಬಹುದು. ಅದಕ್ಕಿಂತ ದೊಡ್ಡವರ ಜತೆ ಹಿರಿಯರೊಬ್ಬರು ಕುಳಿತರೆ ಸಾಕು. ಅಡಿಬರಹ ಓದಬಲ್ಲವರು ಜಪಾನಿ ದನಿಯಲ್ಲಿಯೇ ಕೇಳಲಿ, ಸುಮಿ ಶಿಮಾಮೊತೊ ಅವರ ನೌಶಿಕಾಳಿಗೆ ಸಾಟಿಯಿಲ್ಲ. ಕೊನೆಯಲ್ಲಿ ಹೆಸರುಗಳು ಏರತೊಡಗಿದಾಗ ಟಿ.ವಿ. ಆರಿಸಬೇಡಿ. ಕಾಡಿನ ತಳದಲ್ಲಿ ನೌಶಿಕಾಳ ಬಿದ್ದುಹೋದ ಟೋಪಿಯ ಪಕ್ಕದಲ್ಲಿ ಹಸಿರು ಮೊಳಕೆಯೊಂದು ಕಾಣಿಸುವುದು ಆಮೇಲೆಯೇ.