ಹದಿಮೂರು ವಸಾಹತುಗಳ ಹೆಸರು: ಅಮೆರಿಕದ ಚರಿತ್ರೆಯ ಅರಿವನ್ನು ಅಳೆಯಲು ಹೊರಟವರ ಕಥೆ

ಟೆಕ್ಸಸ್ ರಾಜ್ಯದಲ್ಲಿ 1915–16ರ ಸುಮಾರಿಗೆ ಜೆ. ಕಾರ್ಲ್‌ಟನ್ ಬೆಲ್ ಮತ್ತು ಡೇವಿಡ್ ಮೆಕಾಲಮ್ ಎಂಬಿಬ್ಬರು 1,500 ವಿದ್ಯಾರ್ಥಿಗಳಿಗೆ ಅಮೆರಿಕದ ಚರಿತ್ರೆಯ ಪರೀಕ್ಷೆ ಕೊಟ್ಟರು. ಅವರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿದ್ದರು, ಹೈಸ್ಕೂಲಿನವರಿದ್ದರು, ಕಾಲೇಜಿನವರೂ ಇದ್ದರು. ಇಸವಿ ಕೊಟ್ಟು ಆಗ ನಡೆದದ್ದೇನು ಎಂದು ಕೇಳುವುದು, ಹೆಸರು ಕೊಟ್ಟು ಆತ ಯಾರು ಎಂದು ಕೇಳುವುದು: ಪ್ರಶ್ನೆಗಳ ಬಗೆ ಹೆಚ್ಚುಕಡಿಮೆ ಇಂಥದ್ದು. ಫಲಿತಾಂಶ 1917ರಲ್ಲಿ ‘ಜರ್ನಲ್ ಆಫ್ ಎಜುಕೇಷನಲ್ ಸೈಕಾಲಜಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಸರಿಯುತ್ತರಗಳ ಸರಾಸರಿ ಪ್ರಾಥಮಿಕ ಶಾಲೆಯಲ್ಲಿ ಶೇ 16, ಹೈಸ್ಕೂಲಿನಲ್ಲಿ ಶೇ 33, ಕಾಲೇಜಿನಲ್ಲಿ ಶೇ 49. ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್‌ಗೂ, ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್‌ಗೂ ಮಕ್ಕಳು ವ್ಯತ್ಯಾಸ ಕಾಣಲಿಲ್ಲ. 1846 ಎಂದರೆ ಮೆಕ್ಸಿಕೋ ಯುದ್ಧ ಶುರುವಾದ ವರ್ಷ, ಟೆಕ್ಸಸ್‌ನ ಹಣೆಬರಹವನ್ನೇ ಬದಲಿಸಿದ ಯುದ್ಧ. ಟೆಕ್ಸಸ್‌ನ ಮಕ್ಕಳಿಗೇ ಅದು ಹೊಳೆಯಲಿಲ್ಲ.

ಈ ಅಂಕಿಗಳು ಆಮೇಲೆ ನೂರು ವರ್ಷ ಒಂದಲ್ಲ ಒಂದು ರೂಪದಲ್ಲಿ ಮರಳಿ ಬಂದಿವೆ. ನನ್ನ ಗಮನ ಸೆಳೆದದ್ದು ಅಂಕಿಗಳಿಗಿಂತ ಹೆಚ್ಚಾಗಿ ಬೆಲ್ ಮತ್ತು ಮೆಕಾಲಮ್ ಪೀಠಿಕೆಯಲ್ಲಿ ಹೇಳಿದ ಮಾತು. ಚರಿತ್ರೆಯ ಅರಿವು ಎಂಬುದರಲ್ಲಿ ಐದು ಶಕ್ತಿಗಳಿವೆ ಎಂದು ಅವರು ಎಣಿಸಿದ್ದರು. ಇಂದಿನ ವಿದ್ಯಮಾನಗಳನ್ನು ಹಿಂದಿನದರ ಬೆಳಕಿನಲ್ಲಿ ಗ್ರಹಿಸುವುದು ಒಂದು. ದಾಖಲೆಗಳನ್ನು ಜಾಲಾಡಿ, ಗೊಂದಲದಿಂದ ಒಂದು ಸುಸಂಬದ್ಧ ಕಥನವನ್ನು ಕಟ್ಟುವುದು ಇನ್ನೊಂದು. ಚರಿತ್ರೆಯ ಬರವಣಿಗೆಯನ್ನು ಆಸ್ವಾದಿಸುವುದು, ಆಲೋಚನೆ ಬೇಡುವ ಪ್ರಶ್ನೆಗೆ ಆಲೋಚಿಸಿ ಉತ್ತರಿಸುವುದು ಮತ್ತೆರಡು. ವ್ಯಕ್ತಿ, ಘಟನೆಗಳ ಬಗ್ಗೆ ಸಂಗತಿಗಳನ್ನು ಒಪ್ಪಿಸುವುದು ಕೊನೆಯದು. ಐದರಲ್ಲಿ ಈ ಕೊನೆಯದೇ ತೀರ ಇಕ್ಕಟ್ಟಾದದ್ದು, ಬಹುಶಃ ಎಲ್ಲಕ್ಕಿಂತ ಕಡಿಮೆ ಮುಖ್ಯವಾದದ್ದು ಎಂದು ಅವರೇ ಒಪ್ಪಿಕೊಂಡರು. ಆದರೂ ಪರೀಕ್ಷೆಗೆ ಅದನ್ನೇ ಆರಿಸಿದರು, ಏಕೆಂದರೆ ಅಳೆಯಲು ಸುಲಭವಾದದ್ದು ಅದೊಂದೇ. ಅಮೆರಿಕದಲ್ಲಿ ಚರಿತ್ರೆಯ ಜ್ಞಾನವನ್ನು ಅಳೆದ ಶತಮಾನವನ್ನು ಅರ್ಥಮಾಡಿಕೊಳ್ಳಲು ಈ ಆಯ್ಕೆಯೇ ಕೀಲಿಕೈ ಎಂಬುದು ನನ್ನ ವಾದ.

ಎರಡನೆಯ ಮಹಾಯುದ್ಧದ ನಡುವೆ ಈ ಚರ್ಚೆ ತರಗತಿಯಿಂದ ಹೊರಬಿದ್ದು ದಿನಪತ್ರಿಕೆಯ ಮುಖಪುಟಕ್ಕೆ ಏರಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಅಲನ್ ನೆವಿನ್ಸ್ 1942ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದು, ದೇಶದ ಚರಿತ್ರೆ ಅರಿಯದವರು ದೇಶಕ್ಕಾಗಿ ಹೇಗೆ ಹೋರಾಡಿಯಾರು ಎಂಬ ಆತಂಕವನ್ನು ಮುಂದಿಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಪತ್ರಿಕೆ 36 ಕಾಲೇಜುಗಳ 7,000 ಹೊಸ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಅಮೆರಿಕ ದೇಶಕ್ಕೆ ಮೂಲವಾದ ಹದಿಮೂರು ಬ್ರಿಟಿಷ್ ವಸಾಹತುಗಳನ್ನು ಹೆಸರಿಸಬಲ್ಲವರು ಶೇ 6 ಮಾತ್ರ. ಬ್ರಿಟನ್ ಜೊತೆಗಿನ 1812ರ ಯುದ್ಧದ ಹೊತ್ತಿಗೆ ಜೇಮ್ಸ್ ಮ್ಯಾಡಿಸನ್ ಅಧ್ಯಕ್ಷನಾಗಿದ್ದ ಎಂದು ಗೊತ್ತಿದ್ದವರು ಶೇ 13, ಸ್ಪೇನ್ ಜೊತೆಗಿನ ಯುದ್ಧದ ಹೊತ್ತಿಗೆ ವಿಲಿಯಂ ಮೆಕಿನ್ಲಿ ಅಧ್ಯಕ್ಷನಾಗಿದ್ದ ಎಂದು ಬಲ್ಲವರು ಶೇ 15. ಸಮೀಕ್ಷೆಗಾಗಿ ಪತ್ರಿಕೆಗೆ 1944ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ವೃತ್ತಿಪರ ಇತಿಹಾಸಕಾರರ ಸಂಘಗಳು ಎಡ್ಗರ್ ವೆಸ್ಲಿಯ ನೇತೃತ್ವದಲ್ಲಿ ಸಮಿತಿಯೊಂದನ್ನು ಕೂಡಿಸಿ, ಪಠ್ಯವನ್ನು ತರಗತಿಯಿಂದ ತರಗತಿಗೆ ಹೇಗೆ ಹಂಚಬೇಕೆಂದು ಸಲಹೆ ಮಾಡಿದವು.

ಹದಿಮೂರು ಹೆಸರುಗಳನ್ನು ಬರೆಯಲಾಗದ ಆ ತಲೆಮಾರೇ ಯುದ್ಧಕ್ಕೂ ಹೋಯಿತು. ಪತ್ರಕರ್ತ ಟಾಮ್ ಬ್ರೋಕಾ 1998ರಲ್ಲಿ ಬರೆದ ಪುಸ್ತಕದಿಂದಾಗಿ ಅದೇ ಜನ ಅಮೆರಿಕನ್ನರ ಬಾಯಲ್ಲಿ ‘ಅತಿ ಶ್ರೇಷ್ಠ ತಲೆಮಾರು’ ಎನಿಸಿಕೊಂಡರು. ಚರಿತ್ರೆಯ ಪಟ್ಟಿ ಬಾಯಿಪಾಠವಾಗದಿದ್ದರೆ ದೇಶನಿಷ್ಠೆ ಸೊರಗುತ್ತದೆ ಎಂಬ ನೆವಿನ್ಸರ ಎಣಿಕೆಗೆ ಇದು ಸಣ್ಣ ಪ್ರತಿಸಾಕ್ಷ್ಯವಲ್ಲ.

ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರಲ್ಲಿ ‘ಟೈಮ್ಸ್’ ಮತ್ತೆ ಪರೀಕ್ಷೆ ನಡೆಸಿತು. ಈ ಸಲ ಪ್ರಶ್ನೆಗಳು ಬಹು ಆಯ್ಕೆಯವು, ಒಟ್ಟು 42. 194 ಕಾಲೇಜುಗಳ 1,856 ವಿದ್ಯಾರ್ಥಿಗಳು ಸರಾಸರಿ ಅರ್ಧದಷ್ಟಕ್ಕೆ ಸರಿಯುತ್ತರ ಕೊಟ್ಟರು. ಹತ್ತು ವರ್ಷಗಳ ಮೇಲೆ, ಶಾಲಾ ಸಾಧನೆಯನ್ನು ಅಳೆಯುವ ಸರ್ಕಾರಿ ಕಾರ್ಯಕ್ರಮ ‘ನೇಪ್’ ಹದಿನೇಳು ವರ್ಷದ ಸುಮಾರು 8,000 ಮಕ್ಕಳನ್ನು ಪರೀಕ್ಷಿಸಿತು. ಅದನ್ನಾಧರಿಸಿ ಡಯಾನ್ ರಾವಿಚ್ ಮತ್ತು ಚೆಸ್ಟರ್ ಫಿನ್ 1987ರಲ್ಲಿ ಪುಸ್ತಕ ಬರೆದರು: ಸರಾಸರಿ ಶೇ 54.5, ಅಂತರ್ಯುದ್ಧ 1850 ಮತ್ತು 1900ರ ನಡುವೆ ನಡೆಯಿತು ಎಂದು ಗುರುತಿಸಿದವರು ಮೂರರಲ್ಲಿ ಒಬ್ಬರು. ಹಿಂದಿನವರು ಚೆನ್ನಾಗಿ ಕಲಿತಿದ್ದರು, ಈಗಿನವರು ಕೆಟ್ಟರು ಎಂಬ ಹಾಡು ಎಲ್ಲೆಡೆ ಕೇಳಿತು. 1991ರಲ್ಲಿ ಡೇಲ್ ವಿಟಿಂಗ್ಟನ್ ಹಳೆಯ ಪರೀಕ್ಷೆಗಳನ್ನು ಹೊಸದರ ಪಕ್ಕದಲ್ಲಿಟ್ಟು ತೂಗಿ ನೋಡಿದರು. ಅಂಥ ಇಳಿಕೆಯೇನೂ ಕಾಣಲಿಲ್ಲ. 1917ರಲ್ಲೂ ಮಕ್ಕಳಿಗೆ ಗೊತ್ತಿರಲಿಲ್ಲ, 1943ರಲ್ಲೂ ಇರಲಿಲ್ಲ. ನೇಪ್ 2022ರಲ್ಲಿ ಎಂಟನೆಯ ತರಗತಿಯವರನ್ನು ಪರೀಕ್ಷಿಸಿದಾಗ ಪ್ರವೀಣರ ಮಟ್ಟ ಮುಟ್ಟಿದವರು ಶೇ 13ರಷ್ಟು.

ನೂರು ವರ್ಷ ಬದಲಾಗದ ಫಲಿತಾಂಶ ಬಂದಾಗ ಮಕ್ಕಳ ಜೊತೆಗೆ ಅಳತೆಗೋಲನ್ನೂ ಪರೀಕ್ಷಿಸಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮಾಡಿದ್ದು ಈ ಕೆಲಸವನ್ನೇ, ಮತ್ತು ಈ ಕ್ಷೇತ್ರದಲ್ಲಿ ಅವರಷ್ಟು ಆಳಕ್ಕಿಳಿದವರು ವಿರಳ. ಒಬ್ಬ ವಿದ್ಯಾರ್ಥಿಯನ್ನು ಇನ್ನೊಬ್ಬನಿಗೆ ಹೋಲಿಸಿ ಸಾಲಾಗಿ ನಿಲ್ಲಿಸುವುದೇ ಇಂಥ ಪರೀಕ್ಷೆಗಳ ಗುರಿ. ಎಲ್ಲರಿಗೂ ಉತ್ತರ ಗೊತ್ತಿರುವ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಹಾಗಾಗಿ ಪ್ರಾಯೋಗಿಕ ಹಂತದಲ್ಲೇ ಅದು ಬಿದ್ದುಹೋಗುತ್ತದೆ. ಒಟ್ಟಾರೆ ಹೆಚ್ಚು ಅಂಕ ಪಡೆದವರು ತಪ್ಪಿ, ಕಡಿಮೆ ಅಂಕದವರು ಸರಿಯಾಗಿ ಉತ್ತರಿಸಿದ ಪ್ರಶ್ನೆಯೂ ದೋಷವುಳ್ಳದ್ದೆಂದು ಹೊರಗುಳಿಯುತ್ತದೆ. ಕರಿಯರ ಮನೆಗಳಲ್ಲಿ ಹೇಳಿಕೊಂಡು ಬಂದ ಚರಿತ್ರೆಯ ತುಣುಕೊಂದು ಅವರ ಮಕ್ಕಳಿಗಷ್ಟೇ ಚೆನ್ನಾಗಿ ಗೊತ್ತಿದ್ದರೆ, ಆ ಪ್ರಶ್ನೆ ಪತ್ರಿಕೆಯಲ್ಲಿ ಉಳಿಯುವುದು ಕಷ್ಟ. ಹೀಗೆ ಗೊತ್ತಿದ್ದದ್ದನ್ನು ಸೋಸಿ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಗೊತ್ತಿಲ್ಲದ್ದೇ. ಅದನ್ನು ಹಿಡಿದು ಒಂದು ತಲೆಮಾರಿಗೆ ಏನೂ ಗೊತ್ತಿಲ್ಲವೆಂದು ಮುಖಪುಟದಲ್ಲಿ ಸಾರುವುದು ಆ ಮಕ್ಕಳಿಗೆ ಮಾಡಿದ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ವೈನ್‌ಬರ್ಗ್ ಮತ್ತು ಚೌನ್ಸಿ ಮಾಂಟೆ-ಸಾನೊ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಕೊಲಂಬಸ್‌ನಿಂದ ಇಂದಿನವರೆಗೆ ಅತಿ ಪ್ರಸಿದ್ಧರಾದ ಅಮೆರಿಕನ್ನರು ಯಾರು, ಅಧ್ಯಕ್ಷರನ್ನು ಬಿಟ್ಟು ಬರೆಯಿರಿ ಎಂದು ಐವತ್ತೂ ರಾಜ್ಯಗಳ 2,000 ಹೈಸ್ಕೂಲು ವಿದ್ಯಾರ್ಥಿಗಳನ್ನು ಕೇಳಿದರು. ಆಯ್ಕೆಗಳಿಲ್ಲ, ಖಾಲಿ ಗೆರೆಗಳಷ್ಟೇ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಶೇ 67 ಪಟ್ಟಿಗಳಲ್ಲಿತ್ತು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಶೇ 60ರಲ್ಲಿ, ಗುಲಾಮರನ್ನು ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್‌ಮನ್ ಶೇ 44ರಲ್ಲಿ. ಮೊದಲ ಮೂವರೂ ಕರಿಯರು, ಅವರಲ್ಲಿ ಇಬ್ಬರು ಹೆಂಗಸರು. ಉತ್ತರಿಸಿದವರ ಊರು ಬೇರೆ, ಬಣ್ಣ ಬೇರೆ. ಆದರೂ ಹೆಸರುಗಳು ಕೂಡಿಬಂದವು. ಏನು ಗೊತ್ತಿಲ್ಲ ಎಂಬ ಶೋಧ ನಿಲ್ಲಿಸಿ ಏನು ಗೊತ್ತು ಎಂದು ಕೇಳಿದಾಗ ಕಂಡ ಚಿತ್ರ ಇದು.

ಇದೇ ಅಳತೆಗೋಲು ದೊಣ್ಣೆಯಾದ ಅಧ್ಯಾಯವೂ ಒಂದಿದೆ. ಮಿಸಿಸಿಪ್ಪಿ ರಾಜ್ಯದ 1890ರ ಸಂವಿಧಾನದ ಪ್ರಕಾರ ಮತದಾರನಾಗಬಯಸುವವನು ಸಂವಿಧಾನದ ಒಂದು ವಿಧಿಯನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಅರ್ಥಮಾಡಿಕೊಂಡು ವಿವರಿಸಬೇಕಿತ್ತು. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತಿದ್ದವನು ಬಿಳಿಯ ನೋಂದಣಿ ಅಧಿಕಾರಿ. ದಕ್ಷಿಣದ ಬೇರೆ ರಾಜ್ಯಗಳೂ ಇಂಥ ಪರೀಕ್ಷೆಗಳನ್ನು ತಂದವು. ಬಿಳಿಯನ ತಡವರಿಕೆ ಪಾಸಾಗುತ್ತಿತ್ತು, ಓದಿದ ಕರಿಯ ಮೇಷ್ಟರೂ ಫೇಲಾಗಬಹುದಿತ್ತು. 1965ರ ಮತದಾನ ಹಕ್ಕುಗಳ ಕಾಯ್ದೆ ಇವುಗಳಿಗೆ ತಡೆ ಹಾಕಿತು, 1975ರಲ್ಲಿ ದೇಶಾದ್ಯಂತ ಶಾಶ್ವತ ನಿಷೇಧ ಬಂತು. ನಾಗರಿಕ ಜ್ಞಾನದ ಪರೀಕ್ಷೆ ನಿರುಪದ್ರವಿ ಎಂದುಕೊಳ್ಳುವವರು ಈ ಎಪ್ಪತ್ತೈದು ವರ್ಷಗಳನ್ನು ಮರೆಯಬಾರದು.

ಕನ್ನಡಿಗರಿಗೆ ನೇರವಾಗಿ ಎದುರಾಗುವುದು ಪೌರತ್ವದ ಪರೀಕ್ಷೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವದ ಬಾಗಿಲು ಮುಚ್ಚಿತ್ತು. 1946ರ ಲೂಸ್–ಸೆಲ್ಲರ್ ಕಾಯ್ದೆ ಅದನ್ನು ತೆರೆಯಿತು. ಅಲ್ಲಿಂದೀಚೆಗೆ ಅಮೆರಿಕನ್ನರಾದ ಕನ್ನಡಿಗರು, 1950ರ ಕಾನೂನು ಕಡ್ಡಾಯ ಮಾಡಿದ ಚರಿತ್ರೆ ಮತ್ತು ಆಡಳಿತದ ಪ್ರಶ್ನೆಗಳನ್ನು ದಾಟಿಯೇ ಬಂದವರು. 2008ರ ಆವೃತ್ತಿಯಲ್ಲಿ ಮೊದಲೇ ಪ್ರಕಟವಾದ 100 ಪ್ರಶ್ನೆಗಳಿದ್ದವು. ಅಧಿಕಾರಿ ಬಾಯಿಮಾತಿನಲ್ಲಿ ಹತ್ತು ಕೇಳುತ್ತಿದ್ದ, ಆರು ಸರಿಯಾದರೆ ಸಾಕು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿದೆ, ಇಪ್ಪತ್ತರಲ್ಲಿ ಹನ್ನೆರಡು ಸರಿ ಬರಬೇಕು. ಇದೇ ಬಗೆಯ ಪ್ರಶ್ನೆಗಳನ್ನು 2018ರಲ್ಲಿ ವುಡ್ರೋ ವಿಲ್ಸನ್ ಫೌಂಡೇಶನ್ 1,000 ಅಮೆರಿಕನ್ನರ ಮುಂದಿಟ್ಟಾಗ ತೇರ್ಗಡೆಯಾದವರು ಶೇ 36. ಹೊರಗಿನಿಂದ ಬಂದವರು ಹೆಚ್ಚು ಬಲ್ಲರು ಎಂದು ಹಿಗ್ಗುವ ಮೊದಲು ಪ್ರಶ್ನೆಯ ಸ್ವರೂಪ ನೋಡಬೇಕು. ಅಂತರ್ಯುದ್ಧಕ್ಕೆ ದಾರಿಯಾದ ಒಂದು ಸಮಸ್ಯೆಯನ್ನು ಹೆಸರಿಸಿ ಎಂದು 2008ರ ಪಟ್ಟಿ ಕೇಳುತ್ತದೆ. ಗುಲಾಮಗಿರಿ ಎಂದರೂ ಸರಿ, ಆರ್ಥಿಕ ಕಾರಣಗಳು ಎಂದರೂ ಸರಿ, ರಾಜ್ಯಗಳ ಹಕ್ಕು ಎಂದರೂ ಸರಿ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧದ ಕಾರಣ, ಇಂದಿಗೂ ಅಲ್ಲಿನ ರಾಜಕೀಯವನ್ನು ಸೀಳುವ ವಾದ, ಮೂರು ಸಮಾನ ಉತ್ತರಗಳಾಗಿ ಪಕ್ಕಪಕ್ಕ ಕೂತಿದೆ.

ಬೆಲ್ ಮತ್ತು ಮೆಕಾಲಮ್ ಬದಿಗಿಟ್ಟ ಎರಡನೆಯ ಶಕ್ತಿಯನ್ನೂ, ಅಂದರೆ ದಾಖಲೆಗಳನ್ನು ಜಾಲಾಡುವುದನ್ನೂ, ಅಳೆಯಬಹುದು ಎಂದು ತೋರಿಸಿದ್ದು ವೈನ್‌ಬರ್ಗ್‌ರ ಸ್ಟ್ಯಾನ್‌ಫರ್ಡ್ ತಂಡ. ಅವರ ಕಿರು ಪರೀಕ್ಷೆಗಳಲ್ಲೊಂದು ಜೆ.ಎಲ್.ಜಿ. ಫೆರಿಸ್ ಬರೆದ ‘ಮೊದಲ ಥ್ಯಾಂಕ್ಸ್‌ಗಿವಿಂಗ್’ ಚಿತ್ರವನ್ನು ಮುಂದಿಡುತ್ತದೆ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರೂ ಅಲ್ಲಿನ ಮೂಲನಿವಾಸಿಗಳಾದ ವಾಂಪನೊಆಗ್ ಜನರೂ ಕೂಡಿ ಉಂಡ ಸುಗ್ಗಿಯೂಟ ಅದು. ಆ ಇಬ್ಬರ ನಡುವಿನ ಸಂಬಂಧವನ್ನು ತಿಳಿಯಲು ಈ ಚಿತ್ರ ಇತಿಹಾಸಕಾರನಿಗೆ ನೆರವಾದೀತೇ ಎಂಬುದು ಪ್ರಶ್ನೆ. ಅನೇಕರು ಚಿತ್ರದಲ್ಲಿ ಯಾರು ನಿಂತಿದ್ದಾರೆ, ಯಾರು ಬಡಿಸುತ್ತಿದ್ದಾರೆ ಎಂದು ವರ್ಣಿಸಲು ತೊಡಗುತ್ತಾರೆ. ಚಿತ್ರ ಬರೆದದ್ದು ಊಟವಾಗಿ ಸುಮಾರು ಮುನ್ನೂರು ವರ್ಷಗಳ ನಂತರ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಬಾಯಿಪಾಠ ಮಾಡಿಕೊಂಡು ಬರಬೇಕಾದದ್ದು ಇಲ್ಲಿ ಏನೂ ಇಲ್ಲ. ಇಸವಿಗಳೆರಡೂ ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿವೆ.