ಟೇಪು ಉಳಿದರೆ ಸಾಲದು
ಚಂದ್ರನ ಬಳಿಯಿಂದ ತೆಗೆದ ಭೂಮಿಯ ಮೊದಲ ಚಿತ್ರವನ್ನು ನಾನು ಮೊದಲು ನೋಡಿದ್ದು ಮಸುಕು ಪ್ರತಿಯಲ್ಲಿ. 1966ರ ಆಗಸ್ಟ್ 23ರಂದು ಲೂನಾರ್ ಆರ್ಬಿಟರ್-1 ತೆಗೆದ ಚಿತ್ರವದು. ಮೂಲ ಸಂಕೇತಗಳಿದ್ದ ಸುಮಾರು 1,500 ಟೇಪುಗಳು ಉಳಿದಿದ್ದವು. ಅವನ್ನು ಓದುವ ಆಂಪೆಕ್ಸ್ ಯಂತ್ರಗಳು ಮಾತ್ರ ಬಹುಪಾಲು ಗುಜರಿ ಸೇರಿದ್ದವು. ನಾಸಾದ ನ್ಯಾನ್ಸಿ ಇವಾನ್ಸ್ ಟೇಪುಗಳನ್ನು ಎಸೆಯಗೊಡಲಿಲ್ಲ. ಕೆಟ್ಟ ಯಂತ್ರಗಳನ್ನೂ ವರ್ಷಗಟ್ಟಲೆ ಮನೆಯಲ್ಲಿಟ್ಟುಕೊಂಡರು. 2008ರಲ್ಲಿ ಡೆನ್ನಿಸ್ ವಿಂಗೊ, ಕೀತ್ ಕೌಯಿಂಗ್ ಅವರ ತಂಡ ಕ್ಯಾಲಿಫೋರ್ನಿಯಾದಲ್ಲಿ, ಮುಚ್ಚಿಹೋಗಿದ್ದ ಮ್ಯಾಕ್‌ಡೊನಾಲ್ಡ್ಸ್ ಕಟ್ಟಡವೊಂದರಲ್ಲಿ ಕೂತು, ಬಿಡಿಭಾಗ ಹೊಂದಿಸಿ, ಯಂತ್ರವೊಂದಕ್ಕೆ ಜೀವ ಕೊಟ್ಟಿತು. ಅದೇ ಚಿತ್ರ ಈಗ ಸ್ಪಷ್ಟವಾಗಿ ಮೂಡಿತು. ಅಪೊಲೊ 11ರ ಮೂಲ ಟೇಪುಗಳಿಗೆ ಈ ಭಾಗ್ಯವಿರಲಿಲ್ಲ; ಅಳಿಸಿ ಮರುಬಳಸಿರಬೇಕೆಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು.

ಲಿಪಿ ಬಲ್ಲವರಿಲ್ಲದ ಶಾಸನ ಬರೀ ಗೀರು ಬಿದ್ದ ಕಲ್ಲು. ಯಂತ್ರವಿಲ್ಲದ ಟೇಪೂ ಅಷ್ಟೆ.