ಆಮ್ಲಬಲ ಮತ್ತು ಸಾವಯವ ಆಮ್ಲ-ಪ್ರತ್ಯಾಮ್ಲ ಕ್ರಿಯೆಗಳ ದಿಕ್ಕು

ಆಮ್ಲಬಲ ಎಂದರೆ ಒಂದು ಅಣು ತನ್ನ ಪ್ರೋಟಾನನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದರ ಅಳತೆ. ಇದನ್ನು ಪಿಕೆಎ ಎಂಬ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಒಂದು ಅಂಕದ ಅಂತರವೆಂದರೆ ಬಲದಲ್ಲಿ ಹತ್ತು ಪಟ್ಟು ಅಂತರ. ಎರಡು ಪದಾರ್ಥಗಳನ್ನು ಬೆರೆಸುವ ಮೊದಲೇ ಪ್ರೋಟಾನ್ ಯಾವ ಕಡೆಗೆ ಸಾಗುವುದೆಂದು ಈ ಸಂಖ್ಯೆಗಳಿಂದ ಊಹಿಸಬಹುದು.

ತತ್ತ್ವ

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರಿಂದೊಬ್ಬರು ಸ್ವತಂತ್ರವಾಗಿ, ಪ್ರೋಟಾನನ್ನು ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ ಎಂಬ ವ್ಯಾಖ್ಯೆಯನ್ನು ಮಂಡಿಸಿದರು. ಪ್ರೋಟಾನನ್ನು ಪಡೆದ ಪ್ರತ್ಯಾಮ್ಲವು ತಾನೇ ಒಂದು ಆಮ್ಲವಾಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಆಮ್ಲವನ್ನು ಪ್ರತ್ಯಾಮ್ಲದೊಡನೆ ಅಲ್ಲ. ಸಮೀಕರಣದ ಎಡಗಡೆಯ ಆಮ್ಲವನ್ನು ಬಲಗಡೆಯ ಆಮ್ಲದೊಡನೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಮತೋಲನವು ದುರ್ಬಲ ಆಮ್ಲವಿರುವ ಕಡೆಗೆ ವಾಲುತ್ತದೆ.

ಬೆಂಜೋಯಿಕ್ ಆಮ್ಲ ಮತ್ತು ಫೀನಾಲ್

ಈ ಎರಡರ ಮಿಶ್ರಣವನ್ನು ಈಥರಿನಲ್ಲಿ ಕರಗಿಸಿ, ಬೇರ್ಪಡಿಸುವ ಆಲಿಕೆಯಲ್ಲಿ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದ ದ್ರಾವಣದೊಡನೆ ಕುಲುಕಿದರೆ ಗುಳ್ಳೆಗಳೇಳುತ್ತವೆ. ಬೈಕಾರ್ಬೊನೇಟಿನಿಂದ ಉಂಟಾಗುವ ಕಾರ್ಬೊನಿಕ್ ಆಮ್ಲದ ಪಿಕೆಎ ಸುಮಾರು 6.4. ಬೆಂಜೋಯಿಕ್ ಆಮ್ಲದ್ದು 4.2, ಅದು ಹೆಚ್ಚು ಪ್ರಬಲವಾದ್ದರಿಂದ ಪ್ರೋಟಾನನ್ನು ಬಿಟ್ಟು ಲವಣವಾಗಿ ನೀರಿನ ಪದರಕ್ಕೆ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೊರಹೋಗುವುದೂ ಕ್ರಿಯೆಯನ್ನು ಮುಂದಕ್ಕೆ ಎಳೆಯುತ್ತದೆ. ಫೀನಾಲಿನ ಪಿಕೆಎ ಸುಮಾರು 10. ಅದು ಕಾರ್ಬೊನಿಕ್ ಆಮ್ಲಕ್ಕಿಂತ ದುರ್ಬಲ; ಈಥರಿನಲ್ಲಿಯೇ ಉಳಿಯುತ್ತದೆ. ನೀರಿನ ಪದರವನ್ನು ಬೇರೆ ಮಾಡಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿದರೆ ಬೆಂಜೋಯಿಕ್ ಆಮ್ಲ ಬಿಳಿಯ ಘನವಾಗಿ ಮರಳಿ ದೊರೆಯುತ್ತದೆ. ಫೀನಾಲನ್ನು ನೀರಿಗೆ ಇಳಿಸಲು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಅದರಿಂದ ಉಂಟಾಗುವ ನೀರಿನ ಪಿಕೆಎ 15.7.

ಗುಳ್ಳೆಯೆದ್ದರೆ ಕಾರ್ಬಾಕ್ಸಿಲಿಕ್ ಆಮ್ಲ, ಇಲ್ಲದಿದ್ದರೆ ಫೀನಾಲ್ ಎಂಬ ಪ್ರಯೋಗಾಲಯದ ಪರೀಕ್ಷೆಗೆ ಆಧಾರವಿದೇ. ಆದರೆ ವರ್ಗದ ಹೆಸರನ್ನಷ್ಟೇ ನಂಬುವಂತಿಲ್ಲ. ಪಿಕ್ರಿಕ್ ಆಮ್ಲ ರಚನೆಯಲ್ಲಿ ಫೀನಾಲೇ ಆದರೂ, ಅದರ ಮೂರು ನೈಟ್ರೋ ಗುಂಪುಗಳು ಇಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ ಪಿಕೆಎ ಸುಮಾರು 0.4ಕ್ಕೆ ಇಳಿದು, ಬೈಕಾರ್ಬೊನೇಟಿನಲ್ಲಿ ಗುಳ್ಳೆಯೆಬ್ಬಿಸುತ್ತದೆ.

ದ್ರಾವಕದ ಆಯ್ಕೆ

ಅಸಿಟಿಲೀನಿನ ಪಿಕೆಎ ಸುಮಾರು 25. ನೀರಿಗಿಂತ ಅದು ಬಹಳ ದುರ್ಬಲ ಆಮ್ಲವಾದ್ದರಿಂದ ಸೋಡಿಯಂ ಹೈಡ್ರಾಕ್ಸೈಡ್ ಅದರ ಪ್ರೋಟಾನನ್ನು ಕೀಳಲಾರದು. ಸಮತೋಲನ ಸ್ಥಿರಾಂಕವು ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ. ಸೋಡಮೈಡ್ ಕೀಳಬಲ್ಲದು, ಏಕೆಂದರೆ ಆಗ ಉಂಟಾಗುವ ಅಮೋನಿಯದ ಪಿಕೆಎ ಸುಮಾರು 38. ಈ ಕ್ರಿಯೆಯನ್ನು ದ್ರವ ಅಮೋನಿಯದಲ್ಲಿ ನಡೆಸುತ್ತಾರೆ. ನೀರಿನಲ್ಲಾದರೆ ಸೋಡಮೈಡ್ ಅಸಿಟಿಲೀನನ್ನು ಬಿಟ್ಟು ನೀರಿನೊಡನೆಯೇ ರಭಸವಾಗಿ ವರ್ತಿಸಿ ಮುಗಿದುಹೋಗುತ್ತದೆ.